ಹೊಸ ಅಕ್ಕೋರಿಗೆ ಪಿಂಚಣಿಯ ಕಿವಿಮಾತು

ಹೋಗು ಅಂತಲೇ ನನ್ನ ಮಾತು. ಸಂಘದವರು ಬೆಂಗಳೂರಿಗೆ ಗಾಡಿ ಮಾಡಿದ್ದಾರೆ, ಹೆಸರು ಕೊಡಲೋ ಬೇಡವೋ ಮಾವಾ ಎಂದು ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಉತ್ತರ ಇದು. ಪ್ರೊಬೇಷನ್ ಮುಗಿದಿದೆ, ರಜೆ ಚೀಟಿ ಬರೆದುಕೊಟ್ಟು ಹೋಗು. ಹೇಳದೇ ಕೇಳದೇ ಹೋಗಿ ಹೆಡ್‌ಮಾಸ್ತರರನ್ನು ಪೇಚಿಗೆ ಸಿಕ್ಕಿಸಬೇಡ. ಆದರೆ ಏನು ಕೇಳಲಿಕ್ಕೆ ಹೊರಟಿದ್ದೇನೆ ಎಂಬುದು ಗೊತ್ತಿದ್ದು ಹೋಗು ಅವ್ವಾ. ಹೊಸ ಪಿಂಚಣಿ ಬೇಡ, ಹಳೆಯದೇ ಬೇಕು ಎಂದು ಕೂಗುವುದು ಬಹಳ ಸುಲಭ. ಕೂಗಿ ಬಂದು ಶಿಗ್ಲಿಯ ನಿನ್ನ ಸಾಲಿಯಲ್ಲಿ ಮತ್ತೆ ಹಾಜರಿ ಪುಸ್ತಕಕ್ಕೆ ಸಹಿ ಮಾಡಿದ ಮೇಲೆ, ನಿನ್ನ ಖಾತೆಯಲ್ಲಿ ಎಷ್ಟಿದೆ ಎಂದು ಯಾರಾದರೂ ಕೇಳಿದರೆ ಬಾಯಿ ಬಿಡುವಂತಾಗಬಾರದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹಳೆ ಪಿಂಚಣಿಯವನು. ಖಜಾನೆಯ ಗುಮಾಸ್ತಿಕೆಯಲ್ಲಿ ತಲೆ ನೆರೆಸಿಕೊಂಡವನು. ಕೊನೆಯ ತಿಂಗಳ ಮೂಲ ಪಗಾರದ ಅರ್ಧ ನನಗೆ ಬರುತ್ತದೆ, ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ, ನಾನು ಹೋದ ಮೇಲೆ ನಿಮ್ಮ ಅತ್ತೆಗೆ ಕುಟುಂಬ ಪಿಂಚಣಿ ಬರುತ್ತದೆ. ಇದಕ್ಕಾಗಿ ನನ್ನ ಪಗಾರದಲ್ಲಿ ಒಂದು ರೂಪಾಯಿಯನ್ನೂ ಹಿಡಿದಿರಲಿಲ್ಲ. ಜಿಪಿಎಫ್ ಹಿಡಿಯುತ್ತಿದ್ದರು, ಅದು ನನ್ನದೇ ರೊಕ್ಕ, ನಿವೃತ್ತಿಯಾದಾಗ ಬಡ್ಡಿ ಸಮೇತ ಕೊಟ್ಟರು. ಹೊಟ್ಟೆ ತುಂಬಿದವನು ಹಸಿದವನಿಗೆ ಬುದ್ಧಿ ಹೇಳಿದ ಹಾಗೆ ಕೇಳಿಸಿದರೆ ಕೇಳಿಸಲಿ. ಆ ಖಜಾನೆಯ ಕೌಂಟರಿನಲ್ಲಿ ಎರಡೂ ಬಗೆಯವರ ಕಾಗದಪತ್ರ ನೋಡಿದ್ದೇನೆ, ಅದರ ಮೇಲೆ ಈ ಮಾತು.

ಪಿಂಚಣಿ ಅಂದರೆ ಸರ್ಕಾರ ಕರುಣೆಯಿಂದ ಕೊಡುವ ದಾನವಲ್ಲ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಡಿ.ಎಸ್. ನಕಾರಾ ಪ್ರಕರಣದಲ್ಲಿ ಇದನ್ನೇ ಹೇಳಿತು. ಅದು ಮಾಡಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದಿತು. ಈಗಲೂ ನಿವೃತ್ತರು ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುವುದು ಅದಕ್ಕೇ. ನಮ್ಮ ರಾಜ್ಯದಲ್ಲಿ ಆ ಹಕ್ಕಿಗೆ ಗೆರೆ ಬಿದ್ದದ್ದು 2006ರ ಏಪ್ರಿಲ್ 1ರಂದು. ಕೇಂದ್ರದಲ್ಲಿ ಅದಕ್ಕೂ ಮೊದಲು, 2004ರ ಜನವರಿ 1ಕ್ಕೇ ಬಿದ್ದಿತ್ತು. ಗೆರೆಯ ಈಚೆ ಸೇರಿದವರಿಗೆಲ್ಲ ಹೊಸ ಪಿಂಚಣಿ, ಅಂದರೆ ಎನ್‌ಪಿಎಸ್. ಮೂಲ ಪಗಾರ ಮತ್ತು ತುಟ್ಟಿಭತ್ಯೆ ಕೂಡಿಸಿ ಅದರಲ್ಲಿ ಶೇ 10 ನೀನು ಕಟ್ಟಬೇಕು, ಸರ್ಕಾರವೂ ತನ್ನ ಪಾಲು ಕಟ್ಟಬೇಕು. ಮೊದಲು ಅದರ ಪಾಲೂ ಶೇ 10 ಇತ್ತು, ನೌಕರರು ಗಂಟಲು ಹರಿದುಕೊಂಡ ಮೇಲೆ 14 ಆಯಿತು.

ಆ ಗೆರೆ ಎಷ್ಟು ಒರಟಾಗಿ ಬಿತ್ತೆಂದರೆ, 2006ಕ್ಕಿಂತ ಮುಂಚೆ ಅಧಿಸೂಚನೆಯಾಗಿ, ಪರೀಕ್ಷೆಯಾಗಿ, ಕಡತ ನಿಧಾನವಾಗಿ ಸರಿದು, ಏಪ್ರಿಲ್ ದಾಟಿದ ಮೇಲೆ ಆದೇಶ ಕೈಗೆ ಬಂದವರೂ ಈಚೆಗೇ ಬಿದ್ದರು. ತಪ್ಪು ಅವರದಲ್ಲ. ಆ ಸುಮಾರು 13 ಸಾವಿರ ಜನಕ್ಕೆ ಹಳೆ ಪಿಂಚಣಿ ಕೊಡುತ್ತೇವೆಂದು ರಾಜ್ಯ ಸರ್ಕಾರ ಆದೇಶ ಮಾಡಿದ್ದು 2024ರ ಜನವರಿಯಲ್ಲಿ. ಅಷ್ಟಕ್ಕೆ ಹದಿನೆಂಟು ವರ್ಷ ಹಿಡಿಯಿತು. ಹೋರಾಟ ಬೇಡ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಸುಮ್ಮನೆ ಕೂತಿದ್ದರೆ ಇದೂ ಬರುತ್ತಿರಲಿಲ್ಲ. 2022ರ ಡಿಸೆಂಬರಿನಲ್ಲಿ ಎನ್‌ಪಿಎಸ್ ನೌಕರರು ಫ್ರೀಡಂ ಪಾರ್ಕಿನಲ್ಲಿ ಕೂತರು. 2023ರ ಮಾರ್ಚ್ 1ರಂದು ರಾಜ್ಯದ ಕಚೇರಿಗಳೆಲ್ಲ ಬಾಗಿಲು ಹಾಕಿದವು, ಸಂಜೆಯೊಳಗೆ ಶೇ 17ರ ಮಧ್ಯಂತರ ಪರಿಹಾರ ಮತ್ತು ಹಳೆ ಪಿಂಚಣಿಯ ಬಗ್ಗೆ ಒಂದು ಸಮಿತಿ ಬಂತು. ಪರಿಹಾರ ಪಗಾರದಲ್ಲಿ ಸೇರಿತು. ಸಮಿತಿ ಎನ್ನುವುದು ನಮ್ಮಲ್ಲಿ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಇನ್ನು ಒಳಗಿನ ಹೂರಣಕ್ಕೆ ಬರೋಣ. ನಿಮ್ಮ ಮುತ್ತಜ್ಜನ ಮನೆಯ ಮುಂದೆ ಹಗೇವು ಇತ್ತು, ನೀನು ನೋಡಿಲ್ಲ. ನೆಲದೊಳಗೆ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರ ಬಂದಾಗ ತೆಗೆದು ಉಣ್ಣುತ್ತಿದ್ದರು. ನನ್ನ ಪಿಂಚಣಿಗೆ ಹಗೇವೇ ಇಲ್ಲ. ಈ ವರ್ಷ ಸರ್ಕಾರಕ್ಕೆ ಬಂದ ತೆರಿಗೆಯಲ್ಲಿ ಈ ವರ್ಷದ ನನ್ನ ಪಾಲನ್ನು ಅಳೆದು ಕೊಡುತ್ತಾರೆ. ಅಂದರೆ ಅದು ಬರೀ ಮಾತಿನ ಮೇಲೆ ನಿಂತಿದೆ. ಮಾತು ಗಟ್ಟಿ, ಸರ್ಕಾರದ ಮಾತು, ಕೋರ್ಟಿನ ಬೆಂಬಲವಿದೆ. ಆದರೆ ಹಿಂದೆ ಕೂಡಿಟ್ಟ ಕಾಳಿಲ್ಲ. ನಿನ್ನದು ಇದರ ತಿರುವು. ನಿನ್ನ ಹೆಸರಿನ ಹಗೇವು ಇದೆ, ತಿಂಗಳು ತಿಂಗಳು ಕಾಳು ಬೀಳುತ್ತಿದೆ, ಅದಕ್ಕೆ ಪ್ರಾನ್ ಎಂಬ ಹನ್ನೆರಡು ಅಂಕಿಯ ನಂಬರೂ ಇದೆ. ಆದರೆ ಅರವತ್ತಾದ ಮೇಲೆ ದಿನಕ್ಕೆ ಎಷ್ಟು ಸೇರು ಸಿಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ನನಗೆ ಮಾತಿದೆ, ಕಾಳಿಲ್ಲ. ನಿನಗೆ ಕಾಳಿದೆ, ಮಾತಿಲ್ಲ. ನೀನು ಬೆಂಗಳೂರಿಗೆ ಹೋಗಿ ಕೇಳಬೇಕಾದ್ದು ಎರಡೂ ಒಂದೇ ಕಡೆ ಇರುವಂಥದ್ದನ್ನು. ನನಗೆ ಇದ್ದದ್ದೇ ನಿನಗೂ ಬೇಕು ಎಂದು ಕೇಳಿದರೆ ನೀನು ಕಾಳು ಬಿಟ್ಟುಕೊಟ್ಟು ಮಾತು ತಂದ ಹಾಗಾಗುತ್ತದೆ.

ಇದು ಸರ್ಕಾರದ ಪರವಾದ ಮಾತು ಅಂತ ಸಿಟ್ಟಾಗಬೇಡ, ಲೆಕ್ಕ ಹಾಕಿ ತೋರಿಸುತ್ತೇನೆ.

ನಿನ್ನ ಮೂಲ ಪಗಾರ, ತುಟ್ಟಿಭತ್ಯೆ ಕೂಡಿ 50 ಸಾವಿರ ಎಂದು ಹಿಡಿ, ಲೆಕ್ಕಕ್ಕೆ ಸರಳವಾಗಲಿ. ನಿನ್ನ 5 ಸಾವಿರ, ಸರ್ಕಾರದ 7 ಸಾವಿರ, ತಿಂಗಳಿಗೆ 12 ಸಾವಿರ ಬಿದ್ದಿತು. ಇನ್ನು ಮೂವತ್ತು ವರ್ಷ ಸೇವೆ. ಹೂಡಿಕೆ ವರ್ಷಕ್ಕೆ ಶೇ 8 ಬೆಳೆಯಿತು, ಬೆಲೆಯೂ ಪಗಾರವೂ ವರ್ಷಕ್ಕೆ ಶೇ 5 ಏರಿತು ಎಂದಿಟ್ಟುಕೊಳ್ಳೋಣ. ಇದು ಅಂದಾಜು, ಯಾರ ಭರವಸೆಯೂ ಅಲ್ಲ. ಮೂವತ್ತು ವರ್ಷದ ಕೊನೆಗೆ ಇಂದಿನ ರೂಪಾಯಿಯ ಲೆಕ್ಕದಲ್ಲಿ ಸುಮಾರು 68 ಲಕ್ಷ ಕೂಡುತ್ತದೆ. ನಿಯಮದ ಪ್ರಕಾರ ಅದರಲ್ಲಿ ಶೇ 60ರವರೆಗೆ ಕೈಗೆ ತೆಗೆದುಕೊಳ್ಳಬಹುದು, ತೆರಿಗೆ ಇಲ್ಲ. ಉಳಿದ ಶೇ 40ನ್ನಾದರೂ ವಿಮಾ ಕಂಪನಿಗೆ ಕೊಟ್ಟು ತಿಂಗಳ ಪಿಂಚಣಿ ಕೊಂಡುಕೊಳ್ಳಲೇಬೇಕು. ವರ್ಷಕ್ಕೆ ಶೇ 6ರಂತೆ ಕೊಟ್ಟರೆ ತಿಂಗಳಿಗೆ 13,600 ಆಸುಪಾಸು. ಊರಲ್ಲಿ ಎಲ್ಲರೂ ಹೇಳುವುದು ಈ ಅಂಕಿಯನ್ನೇ, ‘ನೋಡ್ರಿ, ಇಷ್ಟ ಬರೂದು!’ ಎಂದು. ಕೈಗೆ ಬಂದ 40 ಲಕ್ಷದ ಮಾತನ್ನು ಯಾರೂ ಆಡುವುದಿಲ್ಲ. ಇಡೀ 68 ಲಕ್ಷವನ್ನೂ ಪಿಂಚಣಿಗೇ ಹಾಕಿದರೆ ತಿಂಗಳಿಗೆ 34 ಸಾವಿರ ಆಗುತ್ತದೆ. ಹಳೆ ಪದ್ಧತಿಯಲ್ಲಿ ಅದೇ ಪಗಾರಕ್ಕೆ 25 ಸಾವಿರ.

ಹಾಗಾದರೆ ಹೊಸದೇ ಲಾಭವಲ್ಲವೇ ಮಾವಾ ಅನ್ನುತ್ತೀಯಾ. ತಡಿ. ಹಳೆಯ 25 ಸಾವಿರಕ್ಕೆ ತುಟ್ಟಿಭತ್ಯೆಯ ಬೆನ್ನೆಲುಬಿದೆ, ಬೆಲೆ ಏರಿದ ಹಾಗೆ ಅದೂ ಏರುತ್ತದೆ. ನಿನ್ನ 34 ಸಾವಿರ ಸಾಯುವತನಕ 34 ಸಾವಿರವೇ. ಶೇ 5ರಂತೆ ಏರಿದರೆ ಏಳನೇ ವರ್ಷಕ್ಕೆ ಹಳೆಯದು ನಿನ್ನದನ್ನು ದಾಟುತ್ತದೆ, ಆಮೇಲೆ ತಿರುಗಿ ನೋಡುವುದಿಲ್ಲ. ಅರವತ್ತೇಳಕ್ಕೆ ದಾಟಿತು ಅಂದರೆ, ನಮ್ಮ ಕಡೆ ಹೆಣ್ಣುಮಕ್ಕಳು ಎಂಬತ್ತು ದಾಟಿಯೂ ಕಟ್ಟಿಯ ಮೇಲೆ ಕೂತು ಶೇಂಗಾ ಒಡೆಯುತ್ತಿರುತ್ತಾರೆ, ಆ ಕೊನೆಯ ವರ್ಷಗಳಲ್ಲೇ ಔಷಧಿಯ ಖರ್ಚು ಬರುವುದು. ಇದರ ಜೊತೆಗೆ ಹಳೆಯದು ಕೊನೆಯ ಪಗಾರವನ್ನು ನೋಡುತ್ತದೆ. ಬಡ್ತಿ ಸಿಕ್ಕು ಕೊನೆಗೆ ದೊಡ್ಡ ಪಗಾರ ತೆಗೆದುಕೊಂಡವನಿಗೆ ಅದರಿಂದ ಲಾಭ. ಪ್ರಾಥಮಿಕ ಸಾಲಿಯಲ್ಲಿ ಸೇರಿ ಅಲ್ಲೇ ನಿವೃತ್ತಿಯಾಗುವ ಅಕ್ಕೋರಿಗೆ ಅಷ್ಟು ಲಾಭವಿಲ್ಲ.

ಈಗ ತಡವಾಗಿ ಸೇರಿದವರ ಲೆಕ್ಕ ನೋಡು, ಅಲ್ಲಿದೆ ನಿಜವಾದ ಕಷ್ಟ. ವಯೋಮಿತಿಯ ಅಂಚಿನಲ್ಲಿ ನೌಕರಿ ಸಿಕ್ಕು, ಹನ್ನೆರಡು ವರ್ಷ ದುಡಿದು, 30 ಸಾವಿರ ಪಗಾರದಲ್ಲಿ ಎರಡೂ ಕಡೆಯಿಂದ ಶೇ 10ರಂತೆ 6 ಸಾವಿರ ಕಟ್ಟಿದವನನ್ನು ತಗೋ. ಶೇ 8ರಂತೆ ಬೆಳೆದರೂ ಕೊನೆಗೆ 14 ಲಕ್ಷ ಚಿಲ್ಲರೆ. ಶೇ 40 ಅಂದರೆ ಆರು ಲಕ್ಷವೂ ತುಂಬಲಿಲ್ಲ. ತಿಂಗಳ ಪಿಂಚಣಿ 2,900 ರೂಪಾಯಿ. ಕೈಗೆ ಬಂದ ಎಂಟೂವರೆ ಲಕ್ಷ ಮಗಳ ಮದುವೆಗೋ ಮನೆಯ ಸಾಲಕ್ಕೋ ಹೋಗಿರುತ್ತದೆ. 2,900 ಹಿಡಿದು ಕೌಂಟರಿನ ಮುಂದೆ ನಿಂತವನಿಗೆ ನಾನು ಮೇಲಿನ 68 ಲಕ್ಷದ ಲೆಕ್ಕ ಹೇಳಿದರೆ ಚಪ್ಪಲಿ ತೆಗೆದುಕೊಳ್ಳುತ್ತಾನೆ, ತೆಗೆದುಕೊಳ್ಳಬೇಕಾದ್ದೇ. 2006ರಿಂದ ಈಚೆ ಸೇರಿ ಇಲ್ಲಿತನಕ ನಿವೃತ್ತರಾದವರೆಲ್ಲ ಕಡಿಮೆ ಸೇವೆಯವರೇ. ಮೂವತ್ತು ವರ್ಷ ತುಂಬಿದವರು ಇನ್ನೂ ಒಬ್ಬರೂ ಹೊರಬಂದಿಲ್ಲ. ಹೋರಾಟದ ಬಿಸಿ ಇವರಿಂದ ಬಂದದ್ದು, ಆದರೆ ಹೋರಾಟದ ಫಲ ಹೆಚ್ಚಾಗಿ ನಿನ್ನಂಥವರಿಗೆ ಬರುವಂಥದ್ದು. ಇದನ್ನು ಮರೆಯಬೇಡ.

ಮಾತಿಗೆ ಬೆಲೆ ಎಷ್ಟು ಎಂಬುದನ್ನೂ ನೋಡೋಣ. ರಾಜಸ್ಥಾನ 2022ರಲ್ಲಿ ಹಳೆ ಪಿಂಚಣಿಗೆ ಮರಳಿತು. ಛತ್ತೀಸಗಢ, ಜಾರ್ಖಂಡ್, ಪಂಜಾಬ್, 2023ರಲ್ಲಿ ಹಿಮಾಚಲ ಹಿಂದೆ ಹಿಂದೆಯೇ ಹೊರಟವು. ಸರ್ಕಾರಗಳಿಗೆ ಇದ್ದಕ್ಕಿದ್ದಂತೆ ನೌಕರರ ಮೇಲೆ ಯಾಕೆ ಇಷ್ಟು ಮಮತೆ ಬಂತು ಎಂದು ಯೋಚಿಸು. ಹೊಸ ಪದ್ಧತಿಯಲ್ಲಿ ತಿಂಗಳು ತಿಂಗಳು ಶೇ 14 ಈಗಲೇ ಎಣಿಸಿ ಕೊಡಬೇಕು. ಹಳೆಯದಕ್ಕೆ ಮರಳಿದರೆ ಈ ತಿಂಗಳಿಂದಲೇ ಆ ರೊಕ್ಕ ಉಳಿಯಿತು, ಪಿಂಚಣಿ ಕೊಡಬೇಕಾದ್ದು 2035, 2040ರ ಮೇಲೆ, ಆಗ ಇರುವ ಮುಖ್ಯಮಂತ್ರಿ ನೋಡಿಕೊಳ್ಳುತ್ತಾನೆ. ಎಲ್ಲ ರಾಜ್ಯಗಳೂ ಹೀಗೆ ಮಾಡಿದರೆ ಒಟ್ಟು ಹೊರೆ ಎನ್‌ಪಿಎಸ್‌ಗಿಂತ ನಾಲ್ಕೂವರೆ ಪಟ್ಟಿನವರೆಗೆ ಹೋಗಬಹುದು ಎಂದು ರಿಸರ್ವ್ ಬ್ಯಾಂಕಿನ ಬುಲೆಟಿನ್ನಿನ 2023ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಅದರ ಸಂಶೋಧಕರು ಬರೆದರು. ಅಂದಾಜು ಅಂದಾಜೇ, ಒಂದಿಷ್ಟು ಕಳೆದು ನೋಡಿದರೂ ಭಾರ ಕಡಿಮೆಯಲ್ಲ. ಮರಳಿದ ರಾಜ್ಯಗಳು ನೌಕರರ ಹೆಸರಿನಲ್ಲಿ ಕೂಡಿದ ರೊಕ್ಕವನ್ನು ವಾಪಸು ಕೊಡಿ ಎಂದಾಗ ಕೇಂದ್ರ, ಕಾನೂನಿನಲ್ಲಿ ಅದಕ್ಕೆ ದಾರಿಯಿಲ್ಲ ಎಂದಿತು. ಆ ಜಗ್ಗಾಟದ ನಡುವೆ ಸಿಕ್ಕಿಕೊಂಡದ್ದು ನೌಕರರೇ.

ನಾನು ಭಯ ಹುಟ್ಟಿಸುತ್ತಿಲ್ಲ. 2040ರ ಹೊತ್ತಿಗೆ ನೀನು ಇನ್ನೂ ಕಪ್ಪು ಹಲಗೆಯ ಮುಂದೆ ಇರುತ್ತೀ. ಆಗ ಬಜೆಟ್ಟಿನ ದೊಡ್ಡ ಪಾಲು ನಿವೃತ್ತರಿಗೇ ಹೋದರೆ ಹೊಸ ಶಿಕ್ಷಕರ ನೇಮಕ ನಿಲ್ಲುತ್ತದೆ, ಅತಿಥಿ ಶಿಕ್ಷಕರನ್ನು ಹಾಕಿ ನಡೆಸುತ್ತಾರೆ. ಈಗಲೇ ಅರ್ಧ ಹಾಗೇ ನಡೆದಿದೆಯಲ್ಲ, ನಿನ್ನ ಸಾಲಿಯಲ್ಲೇ ನೋಡು.

ಕೇಂದ್ರ ಸರ್ಕಾರ ಟಿ.ವಿ. ಸೋಮನಾಥನ್ ಸಮಿತಿ ಮಾಡಿ, 2024ರ ಆಗಸ್ಟ್ 24ರಂದು ಏಕೀಕೃತ ಪಿಂಚಣಿ ಘೋಷಿಸಿ, 2025ರ ಏಪ್ರಿಲ್ 1ರಿಂದ ಜಾರಿ ಮಾಡಿತು. 25 ವರ್ಷ ಸೇವೆಯಾದರೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ಪಗಾರದ ಅರ್ಧ ಖಾತರಿ. 10 ವರ್ಷ ದುಡಿದಿದ್ದರೂ ತಿಂಗಳಿಗೆ 10 ಸಾವಿರಕ್ಕೆ ಕಡಿಮೆಯಿಲ್ಲ. ಸತ್ತ ಮೇಲೆ ಗಂಡನಿಗೋ ಹೆಂಡತಿಗೋ ಅದರ ಶೇ 60. ಬೆಲೆ ಏರಿದರೆ ಅದೂ ಏರುತ್ತದೆ. ನೌಕರ ಶೇ 10 ಕಟ್ಟುತ್ತಲೇ ಇರಬೇಕು, ಸರ್ಕಾರದ ಪಾಲು ಶೇ 18.5. ನಾನು ಹೇಳಿದ ಮಾತೂ ಕಾಳೂ ಒಂದೇ ಕಡೆ ಎಂಬುದಕ್ಕೆ ಹತ್ತಿರದ್ದು ಇದೇ. ನೆರೆಯ ಆಂಧ್ರ ಕೂಡ 2023ರಲ್ಲಿ ಖಾತರಿ ಪಿಂಚಣಿಯ ಕಾಯ್ದೆ ಮಾಡಿತ್ತು, ಅಲ್ಲಿನ ನೌಕರರ ಸಂಘಗಳೇ ಅದನ್ನು ಒಪ್ಪಲಿಲ್ಲ. ಕೇಂದ್ರದಲ್ಲೂ ಈ ಏಕೀಕೃತ ಪಿಂಚಣಿಯನ್ನು ಆರಿಸಿಕೊಂಡವರು ಕಡಿಮೆ. ಯಾಕೆಂದರೆ ಅಲ್ಲಿ ಖಾತರಿಗೆ ಬದಲಾಗಿ ನಿನ್ನ ಹೆಸರಿನ ಗಂಟನ್ನು ನಿವೃತ್ತಿಯ ದಿನ ಒಪ್ಪಿಸಿಬಿಡಬೇಕು, ಕೈಗೆ ಬರುವ ಇಡಿಗಂಟು ಸಣ್ಣದು. ಜನಕ್ಕೆ ಮಾತೂ ಬೇಕು, ಗಂಟೂ ಬೇಕು. ಎರಡನ್ನೂ ಪೂರಾ ಕೊಡುವ ಪದ್ಧತಿ ಭೂಮಿಯ ಮೇಲೆ ಇಲ್ಲ ಅವ್ವಾ.

ದೂರದ ಚಿಲಿ ದೇಶದ ಒಂದು ಮಾತು ಇಲ್ಲಿ ಹೇಳಬೇಕು. 1981ರಲ್ಲಿ ಸೇನಾಧಿಕಾರಿ ಪಿನೊಚೆಯ ಆಳ್ವಿಕೆಯಲ್ಲಿ ಅಲ್ಲಿ ಹಳೆ ಪಿಂಚಣಿ ತೆಗೆದು, ದುಡಿಯುವವನು ತನ್ನ ಸಂಬಳದ ಶೇ 10ನ್ನು ತನ್ನ ಖಾತೆಗೆ ತಾನೇ ಕಟ್ಟಿಕೊಳ್ಳುವ ಪದ್ಧತಿ ತಂದರು. ಲೋಕವೆಲ್ಲ ಹೊಗಳಿತು. ಸೈನಿಕರನ್ನು ಮಾತ್ರ ಅದರ ಹೊರಗಿಟ್ಟರು! ಬರಬರುತ್ತಾ ಕಡಿಮೆ ಕೂಲಿಯವರಿಗೆ, ನಡುನಡುವೆ ಕೆಲಸ ತಪ್ಪಿದ ಹೆಂಗಸರಿಗೆ ಹೊಟ್ಟೆ ತುಂಬುವಷ್ಟು ಬರುವುದಿಲ್ಲ ಎಂದು ಗೊತ್ತಾಗಿ, 2008ರಲ್ಲಿ ಸರ್ಕಾರವೇ ಕೆಳಗೊಂದು ನೆಲೆಗಟ್ಟು ಹಾಕಿ ಬಡವರಿಗೆ ಪಿಂಚಣಿ ಕೊಡಬೇಕಾಯಿತು. ನಮ್ಮಲ್ಲೂ ಸೇನೆಗೆ ಎನ್‌ಪಿಎಸ್ ಇಲ್ಲ, ಅದು ಸರಿಯೇ, ಅವರು ಚಿಕ್ಕ ವಯಸ್ಸಿಗೇ ನಿವೃತ್ತರಾಗುತ್ತಾರೆ. ಆದರೆ 2006ರ ಏಪ್ರಿಲ್ ದಾಟಿ ಸೇರಿದ ಮಾಸ್ತರನಿಗೆ ಹಳೆ ಪಿಂಚಣಿ ಇಲ್ಲ, 2006ರ ಏಪ್ರಿಲ್ ದಾಟಿ ಗೆದ್ದ ಶಾಸಕನಿಗೆ ಪಿಂಚಣಿ ಉಂಟು. ಅವನಿಗೆ ಪ್ರಾನ್ ನಂಬರ್ ಯಾಕಿಲ್ಲ ಎಂದು ಫ್ರೀಡಂ ಪಾರ್ಕಿನಲ್ಲಿ ಒಬ್ಬರಾದರೂ ಮೈಕಿನಲ್ಲಿ ಕೇಳಿ, ಮುದುಕನ ಆಸೆ ಇದು.

ಹಾಗಾದರೆ ಕೇಳಬೇಕಾದ್ದೇನು? ನನ್ನ ಬಾಯಿಂದ ಕೇಳಿದರೆ, ಮೊದಲು ಕಡಿಮೆ ಸೇವೆಯವರಿಗೆ ಕನಿಷ್ಠ ಪಿಂಚಣಿ. ಅದು ಅರ್ಧ ಪಗಾರದ ಖಾತರಿಗಿಂತಲೂ ಮೊದಲು ಬರಬೇಕು. ಆಮೇಲೆ ತುಟ್ಟಿಭತ್ಯೆಯ ಕೊಂಡಿ. ಬೆಲೆಯ ಜೊತೆ ಏರದ ಪಿಂಚಣಿ ಏನಾಗುತ್ತದೆ ಎಂಬುದಕ್ಕೆ ಕೇಂದ್ರ ಸರ್ಕಾರ ಬಡ ವೃದ್ಧರಿಗೆ ಕೊಡುವ ಪಾಲನ್ನೇ ನೋಡು. ಎಂಬತ್ತರೊಳಗಿನವರಿಗೆ ತಿಂಗಳಿಗೆ 200 ರೂಪಾಯಿ ಎಂದು 2007ರಲ್ಲಿ ಇದ್ದದ್ದು ಇಂದಿಗೂ 200 ರೂಪಾಯಿಯೇ. ಜೋಳದ ದರ ಮಾತ್ರ 2007ರಲ್ಲಿ ಇದ್ದಲ್ಲಿಯೇ ನಿಂತಿಲ್ಲ. ಇದೆಲ್ಲದರ ಜೊತೆಗೆ, ಕಟ್ಟುವ ಪಾಲನ್ನು ಸರ್ಕಾರ ನಿಲ್ಲಿಸಬಾರದು. ನಿಮಗೆ ಹಳೆಯದನ್ನು ಕೊಡುತ್ತೇವೆ, ಆದ್ದರಿಂದ ಶೇ 14 ಇನ್ನು ಕಟ್ಟುವುದಿಲ್ಲ ಎಂದು ಯಾರಾದರೂ ಅಂದರೆ ಅಲ್ಲಿ ಚಪ್ಪಾಳೆ ಹೊಡೆಯಬೇಡ. ಆ ರೊಕ್ಕ ಎಲ್ಲಿ ಹೋಗುತ್ತದೆ, ಯಾವ ನಿಧಿಯಲ್ಲಿ ಕೂಡುತ್ತದೆ ಎಂದು ಕೇಳು.

ಅನುದಾನಿತ ಸಾಲಿಗಳವರನ್ನು ಮರೆತು ಬರಬೇಡ. 2006ರ ನಂತರ ನೇಮಕವಾದ ಅವರಲ್ಲಿ ಬಹಳ ಜನಕ್ಕೆ ಹಳೆಯದೂ ಇಲ್ಲ, ಹೊಸದರಲ್ಲಿ ಸರ್ಕಾರದ ಪಾಲೂ ಇಲ್ಲ. ಆಡಳಿತ ಮಂಡಳಿ ಕಟ್ಟಬೇಕು ಎಂದು ಬರೆದಿದೆ, ಹಳ್ಳಿಯ ಆಡಳಿತ ಮಂಡಳಿಗಳ ಕೈಯಲ್ಲಿ ಸುಣ್ಣ ಬಳಿಯಲಿಕ್ಕೂ ರೊಕ್ಕವಿರುವುದಿಲ್ಲ. 2022ರ ಕೊನೆಯಲ್ಲಿ ಅವರು ಅದೇ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಕೂತಿದ್ದರು. ನಿಮ್ಮದು ಗದ್ದಲದ ಹೋರಾಟ, ಅವರದು ಯಾರ ಕಿವಿಗೂ ಬೀಳದೇ ಹೋಯಿತು.

ಊರು ಏನೆನ್ನುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಶಿಗ್ಲಿ ಮಗ್ಗದ ಊರು. ಬೆಳಗಿನಿಂದ ಸಂಜೆತನಕ ಕೂತು ನೇಯ್ದವನಿಗೆ ಅರವತ್ತಾದ ಮೇಲೆ ಯಾವ ಕಾಗದವೂ ಇಲ್ಲ. ಅರವತ್ತಾದರೆ ವೃದ್ಧಾಪ್ಯ ವೇತನ 800, ಅರವತ್ತೈದಾದರೆ ಸಂಧ್ಯಾ ಸುರಕ್ಷಾ 1,200, ಅದೂ ಆದಾಯದ ದಾಖಲೆ ಸರಿಯಿದ್ದರೆ. ಕಾರ್ಖಾನೆಯಲ್ಲಿ ದುಡಿದು ಇಪಿಎಫ್ ಕಟ್ಟಿ ಬಂದವನಿಗೂ ಕನಿಷ್ಠ ಪಿಂಚಣಿ 2014ರಿಂದ 1,000ದಲ್ಲೇ ನಿಂತಿದೆ. ನಿನ್ನ ಮೆರವಣಿಗೆಯ ಸುದ್ದಿ ಟಿವಿಯಲ್ಲಿ ಬಂದಾಗ ಅವರು ‘ಅಕ್ಕೋರಿಗೆ ಇದ್ದದ್ದೂ ಸಾಲವಲ್ದು’ ಎಂದರೆ ಅವರ ಮೇಲೆ ಸಿಟ್ಟಾಗಬೇಡ. ನಿನ್ನ ಪಿಂಚಣಿಗೆ ತೆರಿಗೆ ಕಟ್ಟುವವರಲ್ಲಿ ಅವರೂ ಇದ್ದಾರೆ, ಬೆಂಕಿಪೊಟ್ಟಣದಿಂದ ಹಿಡಿದು ನೂಲಿನತನಕ ಎಲ್ಲದರ ಮೇಲೆ ತೆರಿಗೆ ಕೊಟ್ಟೇ ಬದುಕುತ್ತಾರೆ. ನೌಕರರ ಪಿಂಚಣಿಯ ಮಾತು ಬಂದಾಗೆಲ್ಲ ಇವರ 1,200ರ ಮಾತೂ ಅದೇ ಉಸಿರಿನಲ್ಲಿ ಬರಬೇಕು. ಸಂಘದ ಬೇಡಿಕೆ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿ ಎಂದು ನಿನ್ನ ತಾಲ್ಲೂಕು ಅಧ್ಯಕ್ಷರಿಗೆ ಹೇಳಿ ನೋಡು. ನಗುತ್ತಾರೆ. ನಗಲಿ.

ಕೂಡಿಟ್ಟು ಒಬ್ಬರಿಗೊಬ್ಬರು ಆಗುವುದು ನಮ್ಮ ಜಿಲ್ಲೆಗೆ ಹೊಸ ವಿಚಾರವೂ ಅಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು, ದೇಶದ ಮೊದಲ ಕೃಷಿ ಪತ್ತಿನ ಸಂಘ ಅದು. ಅಷ್ಟಿಷ್ಟು ಕೂಡಿಸಿ, ಲೆಕ್ಕ ಬರೆದು, ಒಬ್ಬರ ಕಷ್ಟಕ್ಕೆ ಎಲ್ಲರೂ ನಿಲ್ಲುವುದು ಹೇಗೆಂದು ಓದು ಬಾರದ ರೈತರೂ ಆಗ ಅರಿತಿದ್ದರು. ಅತ್ತ ಮೈಸೂರು ಸಂಸ್ಥಾನದಲ್ಲಿ ಅದಕ್ಕೂ ಮುಂಚೆ, 1891ರಲ್ಲೇ, ನೌಕರರು ಸತ್ತರೆ ಮನೆಮಂದಿ ಬೀದಿಗೆ ಬರಬಾರದೆಂದು ಸರ್ಕಾರಿ ವಿಮೆ ಶುರುವಾಗಿತ್ತು. ನಿನ್ನ ಪಗಾರ ಚೀಟಿಯಲ್ಲಿ ಕೆಜಿಐಡಿ ಎಂದು ಹಿಡಿಯುತ್ತಾರಲ್ಲ, ಅದೇ ಇದು. ಆಗ ನಾವು ಮುಂಬೈ ಪ್ರಾಂತದ ಕಡೆಯವರು, ನಮ್ಮ ಹಿರಿಯರಿಗೆ ಆ ಭಾಗ್ಯ ಇರಲಿಲ್ಲ ಬಿಡು.

ಬೆಂಗಳೂರಿನ ಮಾತು ಸಾಕು, ಮನೆಯ ಮಾತಿಗೆ ಬರುತ್ತೇನೆ. ಸರ್ಕಾರ ನಾಳೆ ಏನನ್ನೇ ಕೊಡಲಿ, ಇಂದು ನಿನ್ನ ಹೆಸರಿನಲ್ಲಿ ಇರುವುದು ಎನ್‌ಪಿಎಸ್ ಖಾತೆ. ಹೇಗೂ ಹೋಗುವುದಲ್ಲ ಎಂದು ಅದನ್ನು ನೋಡದೇ ಬಿಟ್ಟವರು ಬಹಳ. ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆದು, ಎಚ್‌ಆರ್‌ಎಂಎಸ್ ಪಗಾರ ಚೀಟಿಗಳನ್ನು ಪಕ್ಕದಲ್ಲಿಟ್ಟು, ತಿಂಗಳು ತಿಂಗಳು ಹಿಡಿದದ್ದೂ ಖಾತೆಗೆ ಬಿದ್ದದ್ದೂ ತಾಳೆ ನೋಡು. ವರ್ಗಾವಣೆಯಾದ ತಿಂಗಳು, ಪಗಾರ ತಡವಾದ ತಿಂಗಳು, ಬಾಕಿ ಪಗಾರ ಬಂದ ತಿಂಗಳು, ತಪ್ಪುವುದು ಇಂಥಲ್ಲೇ. ತಪ್ಪಿದ್ದರೆ ಆ ವರ್ಷವೇ ಬಿಇಒ ಕಚೇರಿಗೆ ಬರೆದುಕೊಡು, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೋ. ಹತ್ತು ವರ್ಷದ ಮೇಲೆ ಹೋದರೆ ಆ ಗುಮಾಸ್ತ ನಿವೃತ್ತನಾಗಿ ನನ್ನ ಹಾಗೆ ಮನೆಯಲ್ಲಿ ಕೂತು ಕಿವಿಮಾತು ಹೇಳುತ್ತಿರುತ್ತಾನೆ. ತಪ್ಪಿದ 12 ಸಾವಿರ ಬರೀ 12 ಸಾವಿರವಲ್ಲ. ಶೇ 8ರ ಲೆಕ್ಕದಲ್ಲಿ ಮೂವತ್ತು ವರ್ಷಕ್ಕೆ ಅದು ಹತ್ತು ಪಟ್ಟು ಆಗುತ್ತದೆ.

ನಾಮಿನಿ ಯಾರೆಂದು ನೋಡು. ನೌಕರಿಗೆ ಸೇರಿದಾಗ ಅಪ್ಪನ ಹೆಸರು ಬರೆದಿದ್ದೆ, ಆಮೇಲೆ ಮದುವೆಯಾಯಿತು. ಮದುವೆಯಾದ ಮೇಲೆ ಹೊಸದಾಗಿ ನಾಮನಿರ್ದೇಶನ ಮಾಡಲೇಬೇಕು. ಸೇವೆಯಲ್ಲಿದ್ದಾಗಲೇ ಏನಾದರೂ ಆದರೆ ಮನೆಯವರಿಗೆ ಯಾವ ಸೌಲಭ್ಯ ಬೇಕೆಂಬ ಆಯ್ಕೆಪತ್ರ ನಿನ್ನ ಸೇವಾ ಪುಸ್ತಕದಲ್ಲಿ ಅಂಟಿಸಿದ್ದಾರೋ ಇಲ್ಲವೋ ಅದನ್ನೂ ಕಣ್ಣಾರೆ ನೋಡು, ಬಿಡ್ತು ಅನ್ನು, ಆದರೂ ನೋಡು. ಮೂರು ವರ್ಷವಾದ ಮೇಲೆ ನೀನು ಕಟ್ಟಿದ್ದರಲ್ಲಿ ಶೇ 25ರವರೆಗೆ ಮಕ್ಕಳ ಓದಿಗೆ, ಮನೆಗೆ, ರೋಗಕ್ಕೆ ತೆಗೆಯಬಹುದು. ತೆಗೆಯಬಹುದು ಎಂದಮಾತ್ರಕ್ಕೆ ತೆಗೆಯಬೇಡ. ಲಕ್ಷ್ಮೇಶ್ವರದಲ್ಲಿ ಪ್ಲಾಟು ಅಗ್ಗ ಇದೆ ಎಂದು ನಿನ್ನ ಗಂಡ ಆಗಲೇ ಲೆಕ್ಕ ಹಾಕುತ್ತಿರುವುದು ನನಗೆ ಗೊತ್ತಿದೆ.

ಇನ್ನೊಂದು ಕೆಲಸವಿದೆ, ಬೆಂಗಳೂರಿಗೆ ಹೋಗುವ ಮುಂಚೆಯೇ ಆಗಬೇಕಾದ್ದು. ನಿನ್ನ ಸಾಲಿಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಕ್ಕಳಿದ್ದಾರಲ್ಲ, ಅವರನ್ನು 60ಕ್ಕೆ ಬಿಡಿಸುತ್ತಾರೆ, ಪಿಂಚಣಿ ಇಲ್ಲ. ಅವರಲ್ಲಿ 40 ದಾಟದವರು ಎಷ್ಟು ಜನ ಎಂದು ಕೇಳು. 18ರಿಂದ 40ರೊಳಗಿದ್ದರೆ ಎರಡು ದಾರಿಯಿದೆ. ಶ್ರಮಯೋಗಿ ಮಾನಧನದಲ್ಲಿ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ಕಟ್ಟಿದರೆ ಅಷ್ಟೇ ರೊಕ್ಕವನ್ನು ಕೇಂದ್ರ ಸರ್ಕಾರವೂ ಹಾಕುತ್ತದೆ, ಅರವತ್ತಾದ ಮೇಲೆ ತಿಂಗಳಿಗೆ 3,000. ಅಟಲ್ ಪಿಂಚಣಿಯಲ್ಲಿ 1,000ದಿಂದ 5,000ದವರೆಗೆ ಖಾತರಿ. 30ರ ವಯಸ್ಸಿನವಳು 5,000ಕ್ಕೆ ಹೋದರೆ ತಿಂಗಳಿಗೆ 577, ಅದು ಭಾರವಾದರೆ 3,000ಕ್ಕೆ 347. 35ಕ್ಕೆ ಸೇರಿದರೆ ಅದೇ 5,000ಕ್ಕೆ 902 ಆಗುತ್ತದೆ. ಅವಳು ಹೋದರೆ ಗಂಡನಿಗೆ ಅಷ್ಟೇ ಪಿಂಚಣಿ, ಅವನೂ ಹೋದರೆ ಗಂಟು ಮಕ್ಕಳಿಗೆ. ಅಟಲ್ ಫಾರಂ ಬ್ಯಾಂಕಿನಲ್ಲೂ ಅಂಚೆ ಕಚೇರಿಯಲ್ಲೂ ಸಿಗುತ್ತದೆ, ಮಾನಧನಕ್ಕೆ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬೇಕು. ಆಧಾರ್, ಪಾಸ್‌ಬುಕ್ಕು, ಮೊಬೈಲು ತರಲಿ. ಫಾರಂ ತುಂಬಲಿಕ್ಕೆ ನೀನು ಕೂತುಕೋ, ಮತ್ತೆ ಖಾತೆಯಿಂದ ಕಂತು ಹೋಗುವ ದಿನಕ್ಕೆ ಅದರಲ್ಲಿ ರೊಕ್ಕವಿರಬೇಕು ಎಂದು ಬಿಡಿಸಿ ಹೇಳು, ಬಹಳ ಜನರ ಖಾತೆ ಅಲ್ಲೇ ನಿಂತುಹೋಗುತ್ತದೆ. ಯಾರಿಗೆ ಈ ವರ್ಷ 39 ನಡೆದಿದೆಯೋ ಅವರನ್ನು ಮೊದಲು ಕರೆದುಕೊಂಡು ಹೋಗು.